ನೋಡಿದರೆ ಅರ್ಥವಾಗುತ್ತದೆ, ಮಾಡಲು ಕೂತರೆ ಬರುವುದಿಲ್ಲ

ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದ, ಎಂಜಿನಿಯರಿಂಗ್ ಓದುತ್ತಿರುವ ಹುಡುಗನೊಬ್ಬನ ಪ್ರಕರಣ ಇದು. ಗುರುತು ಹಿಡಿಯಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ, ಬರೆಯಲು ಅವನ ಒಪ್ಪಿಗೆಯನ್ನೂ ಪಡೆದಿದ್ದೇನೆ. ಬಹುಚರ ಕ್ಯಾಲ್ಕುಲಸ್ (ಒಂದಕ್ಕಿಂತ ಹೆಚ್ಚು ಚರಗಳಿರುವ ಕ್ಯಾಲ್ಕುಲಸ್) ಓದುವ ಎಷ್ಟೋ ಮಕ್ಕಳು ಇದೇ ದೂರು ಹೊತ್ತು ಬರುತ್ತಾರೆ, ಹಾಗಾಗಿ ತುಸು ವಿವರವಾಗಿಯೇ ಬರೆಯುತ್ತೇನೆ.

ಅವನು ಬಂದದ್ದು ನಿದ್ದೆ ಬರುತ್ತಿಲ್ಲ ಎಂದು. ಮಾತಾಡುತ್ತ ಹೋದಂತೆ, ಬೆಳಿಗ್ಗೆ ಏಳಲಾಗದೆ ತಪ್ಪಿಸಿಕೊಳ್ಳುತ್ತಿದ್ದ ತರಗತಿಗಳೆಲ್ಲ ಒಂದೇ ವಿಷಯದವು ಎಂದು ತಿಳಿಯಿತು: ಬಹುಚರ ಕ್ಯಾಲ್ಕುಲಸ್. ಮೊದಲ ಪರೀಕ್ಷೆಯಲ್ಲಿ ಫೇಲಾಗಿದ್ದ. ಶಾಲೆಯುದ್ದಕ್ಕೂ ಗಣಿತದಲ್ಲಿ ಎಲ್ಲರಿಗಿಂತ ಮುಂದಿದ್ದವನು. ಈ ಅಂಕವನ್ನು ಮನೆಯಲ್ಲಿ ಹೇಳಿರಲಿಲ್ಲ, ಗೆಳೆಯರಿಗೂ ಹೇಳಿರಲಿಲ್ಲ.

"ಮೇಡಂ, ಅರ್ಥ ಆಗ್ತಿಲ್ಲ ಅಂತಲ್ಲ. ಮಾಡಿಟ್ಟಿರೋ ಲೆಕ್ಕ ನೋಡಿದ್ರೆ ಒಂದೊಂದು ಸಾಲೂ ಅರ್ಥ ಆಗುತ್ತೆ. ಪುಸ್ತಕ ಮುಚ್ಚಿ ನಾನೇ ಮಾಡೋಕೆ ಕೂತ್ರೆ ಮೊದಲನೇ ಸಾಲೇ ಹೊಳೆಯಲ್ಲ. ನನ್ನ ತಲೆ ಇಷ್ಟೇ ಅನ್ಸುತ್ತೆ."

ಗಣಿತದ ಮಾತಿಗೆ ಹೋಗುವ ಮುನ್ನ ಊಟ, ನಿದ್ದೆ, ಯಾವುದರಲ್ಲಾದರೂ ಆಸಕ್ತಿ ಉಳಿದಿದೆಯೇ ಎಂಬುದನ್ನೆಲ್ಲ ವಿಚಾರಿಸಿದೆ. ಸಾಯಬೇಕು ಅನ್ನಿಸುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬಂದೀತು ಎಂದು ಹಲವರು ಹೆದರುತ್ತಾರೆ. ಹಾಗಾಗುವುದಿಲ್ಲ, ಬದಲಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಅಂಥ ಯೋಚನೆ ಇಲ್ಲ ಎಂದ. ಸಂಜೆ ಆಟಕ್ಕೆ ಹೋಗುತ್ತಿದ್ದ, ಪ್ರೋಗ್ರಾಮಿಂಗ್ ಲ್ಯಾಬ್ ಅವನಿಗೆ ಈಗಲೂ ಇಷ್ಟ. ಖಿನ್ನತೆಯ ಲಕ್ಷಣಗಳು ಕಾಣಲಿಲ್ಲ. ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ವೈದ್ಯರನ್ನು ಕಾಣುವುದೆಂದು ಮಾತಾಯಿತು.

ಮುಂದಿನ ಭೇಟಿಗೆ ನೋಟ್‌ಬುಕ್ ತರಲು ಹೇಳಿದ್ದೆ. ನಾನೂ ಗಣಿತ ಓದಿದವಳಾದ್ದರಿಂದ ಪುಟ ತಿರುವಿದರೆ ಏನಾದರೂ ತಿಳಿದೀತು ಎಂಬ ನಂಬಿಕೆ. ಬರವಣಿಗೆ ಅಚ್ಚುಕಟ್ಟು, ಉತ್ತರಗಳ ಸುತ್ತ ಚೌಕ. ಆದರೆ ಅಷ್ಟೂ ಪುಟಗಳಲ್ಲಿ ಚಿತ್ರ ಎಂಬುದೇ ಇರಲಿಲ್ಲ. ವಕ್ರರೇಖೆಯಿಲ್ಲ, ಚರಗಳು ಓಡಾಡುವ ಪ್ರದೇಶವಿಲ್ಲ, ಅಕ್ಷಗಳೂ ಇಲ್ಲ.

ಒಂದು ಲೆಕ್ಕ ಕೊಟ್ಟೆ. ಇ ಸಂಖ್ಯೆಯ ಘಾತದಲ್ಲಿ ಎಕ್ಸ್ ವರ್ಗ ಇರುವ ಫಲನದ (ಫಂಕ್ಷನ್) ಡಬಲ್ ಇಂಟೆಗ್ರಲ್, ಅಂದರೆ ಒಂದರೊಳಗೊಂದು ಎರಡು ಅನುಕಲನ (ಇಂಟೆಗ್ರೇಷನ್). ಒಳಗಿನ ಅನುಕಲನ ಎಕ್ಸ್‌ಗೆ, ವೈನಿಂದ 1ರವರೆಗೆ; ಹೊರಗಿನದು ವೈಗೆ, 0ಯಿಂದ 1ರವರೆಗೆ. ಅವನು ಕೂಡಲೇ ಒಳಗಿನ ಅನುಕಲನಕ್ಕೆ ಕೈಹಾಕಿದ. ಆದೇಶ ವಿಧಾನ (ಸಬ್ಸ್ಟಿಟ್ಯೂಷನ್) ಪ್ರಯತ್ನಿಸಿದ, ಭಾಗಶಃ ಅನುಕಲನ ಪ್ರಯತ್ನಿಸಿದ. ಆ ಫಲನಕ್ಕೆ ನಾವು ಬಲ್ಲ ಸಾಮಾನ್ಯ ಫಲನಗಳಲ್ಲಿ ಬರೆಯಬಹುದಾದ ಅನುಕಲನವೇ ಇಲ್ಲ, ಎಷ್ಟು ಜಾಣನಾದರೂ ಆ ದಾರಿಯಲ್ಲಿ ಹೋದರೆ ನಿಲ್ಲಲೇಬೇಕು. ಪೆನ್ ಕೆಳಗಿಟ್ಟು, "ನೋಡಿ ಮೇಡಂ, ಹೇಳಿದ್ನಲ್ಲ" ಎಂದ.

"ಈಗ ಅನುಕಲನ ಬೇಡ. ಎಕ್ಸ್, ವೈ ಎಲ್ಲೆಲ್ಲಿ ಓಡಾಡುತ್ತವೆ ಅನ್ನೋದನ್ನಷ್ಟೇ ಬರಿ" ಎಂದೆ.

ತ್ರಿಕೋನ ಬಂತು. ಅದನ್ನು ಅಡ್ಡ ಗೆರೆಗಳ ಬದಲು ನಿಲುವು ಗೆರೆಗಳಾಗಿ ಸೀಳಿದರೆ ಏನಾಗುತ್ತದೆ ಎಂದು ಕೇಳಿದೆ. ಆಗ ವೈ 0ಯಿಂದ ಎಕ್ಸ್‌ವರೆಗೆ, ಎಕ್ಸ್ 0ಯಿಂದ 1ರವರೆಗೆ. ಒಳಗಿನ ಅನುಕಲನ ಮುಗಿಯುತ್ತಲೇ ಹೊರಗೊಂದು ಎಕ್ಸ್ ಬಂದು ಕೂತಿತು, ಉಳಿದದ್ದು ಎರಡು ಸಾಲಿನ ಕೆಲಸ. ಉತ್ತರ: ಇ ಯಿಂದ ಒಂದು ಕಳೆದು ಅರ್ಧಿಸಿದ್ದು. ಅವನ ಬೀಜಗಣಿತ ಚುರುಕಾಗಿತ್ತು, ಎಲ್ಲೂ ಎಡವಲಿಲ್ಲ.

ತೊಂದರೆಯ ಜಾಗ ಅಲ್ಲಿ ನನಗೆ ಸ್ಪಷ್ಟವಾಯಿತು. ಒಂದೇ ಚರದ ಕ್ಯಾಲ್ಕುಲಸ್‌ನಲ್ಲಿ ಅನುಕಲನದ ಮಿತಿಗಳನ್ನು, ಅಂದರೆ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು, ಪ್ರಶ್ನೆಯೇ ಕೊಟ್ಟಿರುತ್ತದೆ. ಸೂತ್ರ ಗುರುತಿಸುವ ಕಣ್ಣು, ವೇಗದ ಕೈ ಇದ್ದರೆ ಸಾಕು. ಈ ಹುಡುಗ ಮೊದಲ ಸ್ಥಾನ ಪಡೆದದ್ದು ಆ ಎರಡರ ಬಲದಿಂದ. ಎರಡು ಚರ ಬಂದ ಕೂಡಲೇ ಮಿತಿಗಳನ್ನು ಪ್ರದೇಶದಿಂದ ನಾವೇ ಓದಿಕೊಳ್ಳಬೇಕು, ಅಂದರೆ ಮೊದಲ ಹೆಜ್ಜೆ ರೇಖಾಗಣಿತದ್ದು. ಬಿಂದುವೊಂದರ ಹತ್ತಿರ ಹೋದಂತೆ ಫಲನ ಯಾವ ಬೆಲೆಯತ್ತ ಸಾಗುತ್ತದೆ ಎಂದು ನೋಡುವ ಲಿಮಿಟ್ಸ್ ಪಾಠದಲ್ಲೂ ಇದೇ ಕಥೆ. ಒಂದು ಚರವಿದ್ದಾಗ ಬಿಂದುವಿನ ಕಡೆಗೆ ಎಡದಿಂದ, ಬಲದಿಂದ ಬಂದು ನೋಡಿದರೆ ಮುಗಿಯಿತು. ಎರಡಿದ್ದಾಗ ದಾರಿಗಳಿಗೆ ಲೆಕ್ಕವೇ ಇಲ್ಲ. ಎಕ್ಸ್ ವೈ ಗುಣಲಬ್ಧವನ್ನು ಅವುಗಳ ವರ್ಗಗಳ ಮೊತ್ತದಿಂದ ಭಾಗಿಸಿದ ಫಲನವನ್ನೇ ನೋಡಿ: ಎಕ್ಸ್ ಅಕ್ಷದ ಮೇಲೆ ಮೂಲಬಿಂದುವಿನತ್ತ ಬಂದರೆ ಸೊನ್ನೆ, ವೈ ಸಮ ಎಕ್ಸ್ ರೇಖೆಯ ಮೇಲೆ ಬಂದರೆ ಅರ್ಧ. ಹಾಗಾಗಿ ಲಿಮಿಟ್ ಇಲ್ಲ. ಬೇರೆ ದಾರಿಯೊಂದನ್ನು ನಾವೇ ಯೋಚಿಸಿ ಆರಿಸದ ಹೊರತು ಇದು ಕಾಣುವುದೇ ಇಲ್ಲ. ಮಾಡಿಟ್ಟ ಲೆಕ್ಕ ಓದುವಾಗ ಈ ಆಯ್ಕೆಯನ್ನು ಬರೆದವರು ಮೊದಲೇ ಮಾಡಿ ಮುಗಿಸಿರುತ್ತಾರೆ. ಓದುವವನಿಗೆ ಉಳಿಯುವುದು ಒಪ್ಪಿಕೊಂಡು ತಲೆಯಾಡಿಸುವುದಷ್ಟೇ.

ಇದನ್ನು ಅವನಿಗೆ ವಿವರಿಸಿದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗದ ವಿಷಯವನ್ನೂ ಹೇಳಿದೆ. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು, ಇನ್ನೊಂದು ಪಾಠ ಮುಚ್ಚಿಟ್ಟು ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದರೆ ಓದಿದವರದ್ದೇ ಮೇಲುಗೈ. ಒಂದು ವಾರದ ನಂತರ ನೆನಪಿನಿಂದ ಬರೆದವರು ಮುಂದಿದ್ದರು. ಅವನು ಹಿಂದಿನ ರಾತ್ರಿಯಿಡೀ ಉತ್ತರ ಓದಿ, ಎಲ್ಲ ಬಂತೆಂದು ನಂಬಿ ಪರೀಕ್ಷೆಗೆ ಹೋಗಿದ್ದ. "ಹಾಗಾದ್ರೆ ನಾನು ದಡ್ಡ ಅಲ್ವಾ?" ಎಂದು ಕೇಳಿದ. ನೀನು ಅಭ್ಯಾಸ ಮಾಡಿರುವುದು ಉತ್ತರ ಗುರುತಿಸುವುದನ್ನು, ಪರೀಕ್ಷೆ ಕೇಳುವುದು ಆರಂಭಿಸುವುದನ್ನು. ಆರಂಭಿಸುವುದನ್ನೇ ಇನ್ನು ಮುಂದೆ ಅಭ್ಯಾಸ ಮಾಡೋಣ ಎಂದೆ.

ಕೊಟ್ಟ ಸಲಹೆಗಳಲ್ಲಿ ಮುಖ್ಯವಾದದ್ದು ಇದು: ದಿನಕ್ಕೆ ಆರು ಲೆಕ್ಕ ತೆಗೆದುಕೊ, ಯಾವುದನ್ನೂ ಪೂರ್ತಿ ಮಾಡಬೇಡ. ಪ್ರದೇಶ ಬರಿ, ಯಾವ ನಿರ್ದೇಶಾಂಕ ಸುಲಭವೆಂದು ನಿರ್ಧರಿಸು, ಮಿತಿಗಳನ್ನು ಹಾಕು, ಅಲ್ಲಿಗೆ ನಿಲ್ಲಿಸಿ ಉತ್ತರದೊಂದಿಗೆ ಹೋಲಿಸಿ ನೋಡು. ಅನುಕಲನ ಅವನಿಗೆ ಬರುತ್ತಿತ್ತು, ಅದಕ್ಕೆ ಸಮಯ ಸುರಿಯುವ ಅಗತ್ಯ ಇರಲಿಲ್ಲ. ಆ ಆರೂ ಒಂದೇ ಅಧ್ಯಾಯದವು ಆಗಿರಬಾರದು ಎಂದೂ ಹೇಳಿದೆ. ಘನಾಕೃತಿಗಳ ಗಾತ್ರದ ಲೆಕ್ಕಗಳ ಮೇಲೆ ರೋರರ್ ಮತ್ತು ಟೇಲರ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಬಗೆಯವನ್ನು ಸಾಲಾಗಿ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಚೆನ್ನಾಗಿ ಮಾಡಿದರೂ ವಾರದ ನಂತರ ಬೆರೆಸಿ ಮಾಡಿದವರಿಗಿಂತ ಬಹಳ ಹಿಂದೆ ಬಿದ್ದರು. ಬೆರೆಸಿ ಮಾಡುವಾಗ ಹೆಚ್ಚು ತಪ್ಪಾಗುತ್ತದೆ, ಬೇಸರವೂ ಬರುತ್ತದೆ. ಅದನ್ನು ಮೊದಲೇ ಹೇಳಿಡದಿದ್ದರೆ ಮಕ್ಕಳು ಮೂರನೇ ದಿನಕ್ಕೇ ಬಿಟ್ಟುಬಿಡುತ್ತಾರೆ.

ಸೂತ್ರಗಳ ವಿಷಯದಲ್ಲಿ ಒಂದು ಕಟ್ಟುನಿಟ್ಟು ಹಾಕಿದೆ: ಎಲ್ಲಿಂದ ಬಂತೆಂದು ಹೇಳಲಾಗದ ಗುಣಕವನ್ನು ಬರೆಯಬಾರದು. ಬಿಂದುವನ್ನು ದೂರ, ಕೋನಗಳಿಂದ ಗುರುತಿಸುವ ಪೋಲಾರ್ ನಿರ್ದೇಶಾಂಕದಲ್ಲಿ ಆ ಹೆಚ್ಚುವರಿ ಆರ್ (ಕೇಂದ್ರದಿಂದ ದೂರ) ಅನ್ನು ಅವನು ಪ್ರತಿ ಸಲ ಮರೆಯುತ್ತಿದ್ದ. ಕೋನದಲ್ಲಿ ಅಷ್ಟೇ ಬದಲಾವಣೆಯಾದರೂ ಕೇಂದ್ರದಿಂದ ದೂರ ಹೋದಷ್ಟೂ ಕಂಸ (ವೃತ್ತದ ಅಂಚಿನ ತುಣುಕು) ಉದ್ದವಾಗುತ್ತದೆ, ಆ ಉದ್ದವೇ ಆರ್ ಗುಣಿಸು ಕೋನದ ಬದಲಾವಣೆ ಎಂದು ಬರೆದು ನೋಡಿದ ಮೇಲೆ ಮರೆಯಲಿಲ್ಲ. ಗೋಳೀಯ ನಿರ್ದೇಶಾಂಕದಲ್ಲಿ ಬರುವ ಆರ್ ವರ್ಗ ಗುಣಿಸು ಸೈನ್ ಕೂಡ ಸಣ್ಣ ಪೆಟ್ಟಿಗೆಯೊಂದರ ಮೂರು ಬದಿಗಳ ಗುಣಲಬ್ಧದಿಂದ ಬಂದದ್ದೇ. ಗ್ರೇಡಿಯಂಟ್‌ಗೆ (ಏರು ಯಾವ ದಿಕ್ಕಿಗೆ, ಎಷ್ಟು ಕಡಿದು ಎಂದು ಹೇಳುವ ಬಾಣ) ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಸಮೋನ್ನತ ರೇಖೆಗಳಿರುವ ಗುಡ್ಡದ ನಕ್ಷೆ ತೋರಿಸಿದೆ: ರೇಖೆಗಳು ಒತ್ತಾಗಿರುವಲ್ಲಿ ಕಡಿದಾದ ಏರು, ಗ್ರೇಡಿಯಂಟ್ ಅವುಗಳಿಗೆ ಲಂಬವಾಗಿ ಏರಿನ ದಿಕ್ಕಿಗೆ. ಕಟ್ಟುಪಾಡೊಂದರೊಳಗೆ ಗರಿಷ್ಠ, ಕನಿಷ್ಠ ಬೆಲೆ ಹುಡುಕುವ ಲ್ಯಾಗ್ರಾಂಜ್ ಗುಣಕದ ವಿಧಾನವನ್ನು ಅದೇ ನಕ್ಷೆಯ ಮೇಲೆ ಅವನೇ ಬಿಡಿಸಿ ಹೇಳಿದ. ಕಟ್ಟುಪಾಡಿನ ದಾರಿಯಲ್ಲಿ ನಡೆಯುತ್ತ ಅತಿ ಎತ್ತರ ಮುಟ್ಟುವಲ್ಲಿ ದಾರಿ ಸಮೋನ್ನತ ರೇಖೆಯನ್ನು ಸ್ಪರ್ಶಿಸುತ್ತದೆ, ಹಾಗಾಗಿ ಎತ್ತರದ್ದು, ಕಟ್ಟುಪಾಡಿನದು ಎಂಬ ಎರಡು ಗ್ರೇಡಿಯಂಟ್‌ಗಳೂ ಒಂದೇ ಗೆರೆಯಲ್ಲಿರುತ್ತವೆ ಎಂದ. ಅವನು ತಾನಾಗಿ ಖುಷಿಪಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

ಪರೀಕ್ಷೆಯ ಭಯಕ್ಕೆ ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ಆದರೆ ಅದಕ್ಕಿಂತ ಹೆಚ್ಚು ಒತ್ತು ಕೊಟ್ಟದ್ದು, ಪ್ರಶ್ನೆ ಓದಿದ ಕೂಡಲೇ ಚಿತ್ರ ಬರೆಯುವುದಕ್ಕೆ. ಗಣಿತದ ಭಯ ತಲೆಯೊಳಗೆ ಲೆಕ್ಕ ಹಿಡಿದಿಟ್ಟುಕೊಳ್ಳುವ ಜಾಗವನ್ನೇ ಕಬಳಿಸುತ್ತದೆ ಎಂದು ಆಶ್‌ಕ್ರಾಫ್ಟ್ ಮತ್ತು ಕಿರ್ಕ್ 2001ರಲ್ಲಿ ತೋರಿಸಿದ್ದಾರೆ. ಪ್ರದೇಶ ಕಾಗದದ ಮೇಲಿದ್ದರೆ ಅದನ್ನು ತಲೆಯಲ್ಲಿ ಹೊರಬೇಕಿಲ್ಲ. ನಿದ್ದೆಗೆಟ್ಟು ಓದುವುದು ಬೇಡ ಎಂದೂ ಹೇಳಿದೆ. ಇದನ್ನು ಪಾಲಿಸಲು ಅವನಿಗೆ ಬಹಳ ಕಷ್ಟವಾಯಿತು.

ಉಪನ್ಯಾಸಕರ ಬಳಿ ಹೋಗಲು ಒಪ್ಪಿಸುವುದಕ್ಕೆ ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿಯಿತು. ಜಾಣನೆನಿಸಿಕೊಂಡು ಬೆಳೆದವರಿಗೆ ಕೇಳುವುದೇ ಸೋಲು ಎನ್ನಿಸುತ್ತದೆ. "ನನಗೇನೂ ಬರಲ್ಲ" ಎಂದು ಹೋಗಬೇಡ, ನಿಂತುಹೋದ ಲೆಕ್ಕವನ್ನೇ ಹಿಡಿದು "ಇಲ್ಲಿಯವರೆಗೆ ಬಂದೆ ಸರ್, ಮುಂದೆ ದಾರಿ ಕಾಣ್ತಿಲ್ಲ" ಎನ್ನು ಎಂದೆ. ಹೋದ. ಅವರು ಕೂರಿಸಿಕೊಂಡು ಹೇಳಿಕೊಟ್ಟರಂತೆ. ಅಪ್ಪನಿಗೂ ಫೋನಿನಲ್ಲಿ ಅಂಕ ಹೇಳಿದ. ಅಪ್ಪ ಸ್ವಲ್ಪ ಹೊತ್ತು ಮಾತಾಡದೆ, ಆಮೇಲೆ ಊಟ ಮಾಡಿದೆಯಾ ಎಂದು ಕೇಳಿದರಂತೆ. ಆ ರಾತ್ರಿ ನಿದ್ದೆ ಬಂತು.

ಎರಡನೇ ಪರೀಕ್ಷೆಯಲ್ಲಿ ಪಾಸಾದ. ಅಂಕ ಸಾಧಾರಣ, ಅವನ ಹಳೆಯ ಅಂಕಗಳ ಹತ್ತಿರಕ್ಕೂ ಇಲ್ಲ, ಆ ಬೇಸರ ಇನ್ನೂ ಇದೆ. ಈಗ ತೊಡಕು ಸ್ಟೋಕ್ಸ್ ಪ್ರಮೇಯದಲ್ಲಿ. ಮೇಲ್ಮೈಯೊಂದರ ಮೇಲಿನ ಅನುಕಲನವನ್ನು ಅದರ ಅಂಚಿನ ಸುತ್ತಲಿನ ಅನುಕಲನಕ್ಕೆ ಜೋಡಿಸುವ ಪ್ರಮೇಯ ಅದು. ಮೇಲ್ಮೈಯನ್ನು ಎರಡು ಪ್ರಾಚಲಗಳಲ್ಲಿ (ಪ್ಯಾರಾಮೀಟರ್) ಬರೆಯುವಾಗಲೂ, ಲಂಬದ ದಿಕ್ಕಿಗೆ ಅಂಚನ್ನು ಯಾವ ಕಡೆಗೆ ಸುತ್ತಬೇಕು ಎನ್ನುವಾಗಲೂ ಗಲಿಬಿಲಿಯಾಗುತ್ತದೆ. ಕಳೆದ ಭೇಟಿಯಲ್ಲಿ ಅರ್ಧಗೋಳದ ಮೇಲಿನ ಕರ್ಲ್ (ಕ್ಷೇತ್ರವೊಂದರ ಸುತ್ತುವಿಕೆಯ ಅಳತೆ) ಲೆಕ್ಕವೊಂದನ್ನು ತಂದಿದ್ದ. ಚಿತ್ರ ಬರೆದು, ಅಂಚು ಒಂದೇ ಆಗಿರುವುದರಿಂದ ಅರ್ಧಗೋಳದ ಬದಲು ಕೆಳಗಿನ ಚಪ್ಪಟೆ ವೃತ್ತವನ್ನೇ ತೆಗೆದುಕೊಳ್ಳಬಹುದು ಎಂದು ತಾನೇ ಕಂಡುಕೊಂಡಿದ್ದ. ಚಿಹ್ನೆ ಮಾತ್ರ ತಪ್ಪಿತ್ತು. ಲಂಬವನ್ನು ಬಾಣ ಹಾಕಿ ತೋರಿಸದೆ ಇಂಥ ಲೆಕ್ಕವನ್ನು ಇನ್ನು ಶುರುಮಾಡಬಾರದು ಎಂದು ಒಪ್ಪಂದ ಮಾಡಿಕೊಂಡೆವು. ಭೇಟಿಗಳನ್ನು ತಿಂಗಳಿಗೊಂದಕ್ಕೆ ಇಳಿಸಿದ್ದೇವೆ. ಅಂತಿಮ ಪರೀಕ್ಷೆಯ ಹಿಂದಿನ ವಾರ ಮತ್ತೆ ನಿದ್ದೆ ಕೆಟ್ಟರೆ ತಿಂಗಳ ಭೇಟಿಯವರೆಗೆ ಕಾಯದೆ ಬರಬೇಕೆಂದು ಹೇಳಿದ್ದೇನೆ.