ಬೀದಿ ಮಾತು: ನಿಮ್ಮ ಗೇಟಿನ ರ‍್ಯಾಂಪು ಯಾರ ಜಾಗದಲ್ಲಿದೆ?

ಹೊಸ ಬಡಾವಣೆಗಳ ರಸ್ತೆ, ಪಾರ್ಕು, ಗಿಡಮರಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಪಾರ್ಕಿಂಗ್ ಜಗಳ. ಅವನ್ನು ಬದಿಗಿಟ್ಟಿದ್ದೇನೆ. ಪಕ್ಕದ ಮನೆಯವರನ್ನು ಕಾಫಿಗೆ ಕರೆದು ನೀವೇ ಬಗೆಹರಿಸಿಕೊಳ್ಳಿ. ನಾನು ನಗರ ಯೋಜನೆ ಕಚೇರಿಯಲ್ಲಿ ಬಡಾವಣೆ ನಕ್ಷೆ ನೋಡಿ ನೋಡಿ ಕನ್ನಡಕದ ನಂಬರು ಏರಿಸಿಕೊಂಡವಳು. ಈಗ ಮೊಣಕಾಲು ನೋವು. ಮೈಸೂರಿನಲ್ಲಿ ಫುಟ್‌ಪಾತ್ ಹುಡುಕಿಕೊಂಡು ನಡೆಯುತ್ತೇನೆ. ಉತ್ತರಗಳಲ್ಲಿ ಎರಡೂ ಕಾಣಿಸಬಹುದು.

ಮೇಡಂ, ತುಮಕೂರಿನ ಹೊರಗೆ ನಮ್ಮದು ಹೊಸ ಲೇಔಟು. ಹೆಚ್ಚಿನವು 30x40 ಸೈಟು. ಮುಖ್ಯ ರಸ್ತೆ 40 ಅಡಿ, ಅಡ್ಡರಸ್ತೆಗಳು 30 ಅಡಿ. ಮನೆಗಳು ಈಗಷ್ಟೇ ಏಳುತ್ತಿವೆ. ಸಂಘ ಮಾಡಿಕೊಂಡಿದ್ದೇವೆ. ಮಕ್ಕಳು, ವಯಸ್ಸಾದವರು ಆರಾಮಾಗಿ ನಡೆಯುವಂಥ ರಸ್ತೆ ಬೇಕು. ಎಲ್ಲಿಂದ ಶುರು ಮಾಡೋಣ?

ಗೇಟಿನ ರ‍್ಯಾಂಪಿನಿಂದ. ನಗಬೇಡಿ.

ಒಂದು ಮನೆ ಏಳುವುದನ್ನು ನೋಡಿ. ಪಾಯ ಮುಗಿದ ಕೂಡಲೇ ಮೇಸ್ತ್ರಿ ಕೇಳುತ್ತಾನೆ, "ಲೆವೆಲ್ ಎಷ್ಟು ಇಡೋಣ?" ಮನೆಯವರು ಎರಡೂವರೆ ಅಡಿ ಎತ್ತರಿಸು ಅನ್ನುತ್ತಾರೆ. ನಾಳೆ ರಸ್ತೆಗೆ ಮತ್ತೆ ಟಾರು ಬಿದ್ದರೆ ಮಳೆನೀರು ಒಳಗೆ ನುಗ್ಗುತ್ತದಲ್ಲ ಎಂಬ ಭಯ. ಆ ಭಯ ಸುಳ್ಳಲ್ಲ. ಹಳೇ ಟಾರು ಕೆರೆಯದೆ ಮೇಲಿಂದ ಮೇಲೆ ಹಾಕುತ್ತಾ ಹೋದರೆ ರಸ್ತೆ ಏರುತ್ತಲೇ ಇರುತ್ತದೆ. ಸರಿ, ಕಾರು ನಿಲ್ಲಿಸುವ ಜಾಗವೂ ಅದೇ ಎತ್ತರಕ್ಕೆ ಬಂತು. ಕಾರು ಹತ್ತಬೇಕಲ್ಲ? ಕಾಂಪೌಂಡಿನ ಒಳಗೆ ಜಾಗ ಬಿಡಲು ಯಾರಿಗೂ ಮನಸ್ಸಿಲ್ಲ. ರ‍್ಯಾಂಪು ಗೇಟು ದಾಟಿ ಚರಂಡಿಯ ಮೇಲೆ ನಾಲ್ಕೈದು ಅಡಿ ಚಾಚಿಕೊಳ್ಳುತ್ತದೆ. ಪಕ್ಕದವರದು ಇನ್ನೊಂದು ಎತ್ತರ. ಅದಕ್ಕೆ ಪಾಲಿಶ್ ಗ್ರಾನೈಟು ಬೇರೆ, ಮಳೆ ಬಂದರೆ ಕಾಲು ಜಾರುವುದು ಗ್ಯಾರಂಟಿ. ಅದರಾಚೆಯವರು ಕಬ್ಬಿಣದ ಬೇಲಿ ಹಾಕಿ ಕ್ರೋಟನ್ ಗಿಡ ನೆಟ್ಟಿರುತ್ತಾರೆ. ಇನ್ನು ನಡೆಯುವವರು ರಸ್ತೆಗೆ ಇಳಿಯದೆ ಏನು ಮಾಡುತ್ತಾರೆ? ರ‍್ಯಾಂಪಿನ ಅಡಿಯಲ್ಲಿ ಚರಂಡಿ ಕಟ್ಟಿಕೊಂಡಾಗ ಹೂಳು ತೆಗೆಯಲು ಬಂದವರ ಜೊತೆ ಜಗಳ ಬೇರೆ.

ನಿಮ್ಮಲ್ಲಿ ಮನೆಗಳು ಇನ್ನೂ ಏಳುತ್ತಿವೆ ಎಂದಿದ್ದೀರಿ. ಅದೇ ನಿಮ್ಮ ಅದೃಷ್ಟ. ಡೆವಲಪರ್ ಹತ್ತಿರ ಪ್ರತಿ ರಸ್ತೆಯ ಮುಗಿದ ಮಟ್ಟ ಎಷ್ಟು ಎಂದು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಪ್ರತಿ ಬೀದಿಯ ಲೈಟು ಕಂಬಕ್ಕೆ ಕೆಂಪು ಬಣ್ಣದಲ್ಲಿ ಆ ಮಟ್ಟದ ಗೆರೆ ಹಾಕಿಸಿ. ಮನೆ ಕಟ್ಟುವವರಿಗೆಲ್ಲ ಒಂದೇ ನಿಯಮ: ಮನೆಯ ಮಟ್ಟಕ್ಕೆ ಹತ್ತುವ ಇಳಿಜಾರು ಏನಿದ್ದರೂ ಗೇಟಿನ ಒಳಗೆ. ಮುಂದೆ ಟಾರು ಹಾಕುವಾಗ ಹಳೆಯದನ್ನು ಕೆರೆದೇ ಹಾಕಬೇಕು ಎಂದು ಸಂಘದಲ್ಲಿ ಠರಾವು ಮಾಡಿ, ಅದರ ಪ್ರತಿಯನ್ನು ಪಾಲಿಕೆಗೋ ಪಂಚಾಯಿತಿಗೋ ಕೊಟ್ಟು ಸೀಲು ಹಾಕಿಸಿಕೊಳ್ಳಿ. ರಸ್ತೆ ಏರುವುದಿಲ್ಲ ಎಂಬ ಧೈರ್ಯ ಬಂದರೆ ಮನೆಯವರೂ ಅಷ್ಟು ಎತ್ತರಕ್ಕೆ ಹೋಗುವುದಿಲ್ಲ.

ಈಗ ಅಳತೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪಾದಚಾರಿ ಮಾರ್ಗಸೂಚಿ, ಐಆರ್‌ಸಿ 103, ಮನೆಗಳ ಪ್ರದೇಶದಲ್ಲಿ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲ ಕೇಳುತ್ತದೆ. ಕರ್ಬಿನ, ಅಂದರೆ ಫುಟ್‌ಪಾತಿನ ಅಂಚುಕಲ್ಲಿನ ಎತ್ತರ 150 ಮಿ.ಮೀ. ಮೀರಬಾರದು. ಅಂದರೆ ಆರು ಇಂಚು. ಇನ್ನೊಂದು ಮಾತು ಬಹಳ ಮುಖ್ಯ. ಗೇಟು ಬಂದಲ್ಲೆಲ್ಲ ಫುಟ್‌ಪಾತ್ ಇಳಿಯಬಾರದು, ಒಂದೇ ಮಟ್ಟದಲ್ಲಿ ಸಾಗಬೇಕು. ಹತ್ತಿ ಇಳಿಯುವ ಕಷ್ಟ ಕಾರಿಗಿರಲಿ, ಅದಕ್ಕೆ ಎಂಜಿನ್ ಇದೆ.

ನಿಮ್ಮ 40 ಅಡಿ ರಸ್ತೆ ಅಂದರೆ 12 ಮೀಟರಿಗೆ ಸ್ವಲ್ಪ ಜಾಸ್ತಿ. ಎರಡೂ ಕಡೆ 1.8 ಮೀಟರ್ ಫುಟ್‌ಪಾತ್, ನಡುವೆ 5.5 ಮೀಟರ್ ವಾಹನಕ್ಕೆ. ಉಳಿಯುವ ಸುಮಾರು 3 ಮೀಟರಿನಲ್ಲಿ ಒಂದು ಕಡೆ 2 ಮೀಟರ್ ಪಟ್ಟಿ ಮಾಡಿ. ಅಲ್ಲಿ ಒಂದು ಕಾರಿನ ಜಾಗ, ಒಂದು ಮರ, ಮತ್ತೆ ಕಾರು, ಮತ್ತೆ ಮರ. ಎದುರು ಬದಿಗೆ 1 ಮೀಟರ್ ಪಟ್ಟಿಯಲ್ಲಿ ಬರೀ ಗಿಡ. ಗೇಟಿಗೆ ಹೋಗುವ ಕಾರು ಫುಟ್‌ಪಾತ್ ಮಟ್ಟಕ್ಕೆ ಹತ್ತುವ ಇಳಿಜಾರೂ ಈ ಪಟ್ಟಿಗಳಲ್ಲೇ ಕೂರುತ್ತದೆ.

30 ಅಡಿ ಅಡ್ಡರಸ್ತೆಯಲ್ಲಿ ಎರಡೂ ಕಡೆ ಫುಟ್‌ಪಾತ್ ಬೇಕೆಂದು ಹಟ ಹಿಡಿಯಬೇಡಿ. 9 ಮೀಟರಿನಲ್ಲಿ ಎಲ್ಲವನ್ನೂ ತುರುಕಿದರೆ ಯಾವುದೂ ಸರಿಯಾಗಿ ಬರುವುದಿಲ್ಲ. ನೇರವಾಗಿ ತೂರಿಹೋಗುವ ವಾಹನ ಇಲ್ಲದ ಬೀದಿಯಾದರೆ ಜನ ರಸ್ತೆಯಲ್ಲೇ ನಡೆಯಲಿ, ಕಾರು ನಿಧಾನಕ್ಕೆ ಬರಲಿ. ತಿರುವಿನ ಮೂಲೆಯನ್ನು ದುಂಡಗೆ ದೊಡ್ಡದಾಗಿ ಕತ್ತರಿಸಿದರೆ ಕಾರು ವೇಗ ತಗ್ಗಿಸದೆ ತಿರುಗುತ್ತದೆ. ಮೂಲೆ ಬಿಗಿಯಾಗಿದ್ದರೆ ಬ್ರೇಕು ಒತ್ತಲೇಬೇಕು.

ಇಷ್ಟಾದ ಮೇಲೆ, ಟಾರು ಬೀಳುವ ಮುಂಚೆ ರಸ್ತೆಗೆ ಅಡ್ಡಲಾಗಿ ಅಲ್ಲಲ್ಲಿ ಖಾಲಿ ಪೈಪು ಹೂತುಬಿಡಿ. ಬೆಂಗಳೂರಿನಲ್ಲಿ ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಗಳನ್ನು ಮಾಡಿದಾಗ ಕೇಬಲ್ಲು, ಪೈಪುಗಳನ್ನು ಫುಟ್‌ಪಾತ್ ಅಡಿಗೆ ತಂದರು. ಹೊಸ ಕನೆಕ್ಷನ್ ಬಂದಾಗಲೆಲ್ಲ ರಸ್ತೆ ಅಗೆಯಬಾರದು ಎಂಬ ಲೆಕ್ಕ. ಅಷ್ಟು ಖರ್ಚು ನಿಮಗೆ ಬೇಡ. ಖಾಲಿ ಪೈಪು ಸಾಕು.

ನಮ್ಮ ರಸ್ತೆಯಲ್ಲಿ ಬೈಕುಗಳ ಹಾವಳಿ. ನಾವೇ ದುಡ್ಡು ಹಾಕಿ ಹಂಪ್ ಹಾಕಿಸಿದೆವು. ಈಗ ನಮಗೇ ಬೆನ್ನು ನೋವು! (ಮೈಸೂರು)

ನೀವು ಹಾಕಿಸಿದ್ದು ಗೋಡೆ ಇರಬೇಕು. ಐಆರ್‌ಸಿ 99ರ ಪ್ರಕಾರ ಹಂಪಿನ ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್. ಹತ್ತಿರ ಹತ್ತಿರ ಹನ್ನೆರಡು ಅಡಿ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಸಲೀಸಾಗಿ ದಾಟುವ ಹಾಗೆ ಅದರ ಲೆಕ್ಕ. ಒಂದೂವರೆ ಅಡಿ ಅಗಲಕ್ಕೆ ಮುಕ್ಕಾಲು ಅಡಿ ಎತ್ತರ ಪೇರಿಸಿದರೆ ಬೆನ್ನು ಹೋಗುತ್ತದೆ, ಆಂಬುಲೆನ್ಸಿಗೂ ತೊಂದರೆ. ಒಡೆಸಿ, ಸರಿಯಾಗಿ ಹಾಕಿಸಿ. ಪಾಲಿಕೆಯ ಒಪ್ಪಿಗೆ ಇಲ್ಲದೆ ಹಾಕಿದ್ದರೆ ಮೊದಲು ಅದನ್ನು ತೆಗೆದುಕೊಳ್ಳಿ.

ದಾವಣಗೆರೆಯಲ್ಲಿ ನಮ್ಮ ಬಡಾವಣೆ ಪಾರ್ಕಿಗೆ ಲಾನ್, ಕಾರಂಜಿ, ಆನೆ ಆಕಾರದ ಗಿಡ ಎಲ್ಲ ಯೋಜನೆಯಲ್ಲಿದೆ. ಇನ್ನೇನು ಸೇರಿಸಬಹುದು?

ಸೇರಿಸುವುದಕ್ಕಿಂತ ತೆಗೆಯುವುದು ಜಾಸ್ತಿ ಇದೆ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಲಾನ್ ಹಸಿರಾಗಿರಬೇಕು ಅಂದರೆ ಟ್ಯಾಂಕರ್ ತರಿಸಬೇಕು. ಹುಲ್ಲಿನ ಮೇಲೆ ಕಾಲಿಡಬೇಡಿ ಎಂಬ ಬೋರ್ಡು ಹಿಂದೆಯೇ ಬರುತ್ತದೆ. ಕಾರಂಜಿ ಉದ್ಘಾಟನೆಯ ದಿನ ಚಿಮ್ಮುತ್ತದೆ, ಆಮೇಲೆ ಸೊಳ್ಳೆಗೆ ಮನೆ.

ಆ ದುಡ್ಡಿನಲ್ಲಿ ಒಂದು ಅರಳಿಕಟ್ಟೆ ಕಟ್ಟಿ. ನಿಜವಾದ ಕಟ್ಟೆ, ಕಲ್ಲಿನದು, ಕಾಲು ಇಳಿಬಿಟ್ಟು ಕೂರುವಷ್ಟು ಎತ್ತರ. ಅರಳಿ ಬೆಳೆಯುವ ತನಕ ಪಕ್ಕದಲ್ಲಿ ಬೇಗ ನೆರಳು ಕೊಡುವ ಹೊಂಗೆ ಇರಲಿ. ಮಕ್ಕಳಿಗೆ ಮರಳಿನ ಜಾಗ, ದೊಡ್ಡ ಹುಡುಗರಿಗೆ ಚೆಂಡು ಆಡಲು ಬರೀ ಮಣ್ಣಿನ ಮೈದಾನ. ಮೂಲೆಯಲ್ಲೊಂದು ಶೌಚಾಲಯ. ಇದನ್ನು ಎಲ್ಲರೂ ಮರೆಯುತ್ತಾರೆ. ಸಕ್ಕರೆ ಕಾಯಿಲೆ ಇರುವವರು ಅದಿಲ್ಲದೆ ಪಾರ್ಕಿಗೇ ಬರುವುದಿಲ್ಲ. ಗೇಟು ಎರಡಿರಲಿ, ಎದುರುಬದುರು. ಹಾಲಿಗೆ ಹೋಗುವವರು, ಸ್ಕೂಲಿಗೆ ಹೋಗುವವರು ಪಾರ್ಕಿನ ಮೂಲಕವೇ ಹಾದುಹೋದರೆ ಅಲ್ಲಿ ಜನ ಇದ್ದೇ ಇರುತ್ತಾರೆ, ಹೆಣ್ಣುಮಕ್ಕಳಿಗೆ ಧೈರ್ಯ. ಬೆಳಗ್ಗೆ ಹತ್ತಕ್ಕೆ ಬೀಗ ಹಾಕಿ ಸಂಜೆ ನಾಲ್ಕಕ್ಕೆ ತೆಗೆಯುವ ಪದ್ಧತಿ ಮಾತ್ರ ಬೇಡ. ಕೆಲಸದವರು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವುದು ಎಲ್ಲಿ?

ನೀರಿನ ಲೆಕ್ಕವೂ ಹೇಳಿಬಿಡುತ್ತೇನೆ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ನೂರು ಮೀಟರ್ ಉದ್ದದ 30 ಅಡಿ ರಸ್ತೆಯ ಮೇಲೆ 25 ಮಿ.ಮೀ. ಮಳೆ ಸುರಿದರೆ 22,000 ಲೀಟರ್ ಮೀರುತ್ತದೆ. ಪಾರ್ಕನ್ನು ರಸ್ತೆಗಿಂತ ತುಸು ತಗ್ಗಿನಲ್ಲಿಟ್ಟು, ಹೂಳು ತಡೆಯುವ ಗುಂಡಿ ಮಾಡಿ, ಈ ನೀರನ್ನು ಇಂಗುಬಾವಿಗೆ ಬಿಡಿ. ಬಾವಿ ತೋಡುವ ಕಸುಬಿನ ಮಣ್ಣು ವಡ್ಡರು ಬೆಂಗಳೂರಿನಲ್ಲಿ ಇಂಥ ಇಂಗುಬಾವಿಗಳನ್ನು ಸಾಕಷ್ಟು ತೋಡಿದ್ದಾರೆ. ಆದರೆ ನಮ್ಮಲ್ಲಿ ಪಾರ್ಕಿಗೆ ಮಣ್ಣು ತುಂಬಿಸಿ ರಸ್ತೆಗಿಂತ ಎತ್ತರ ಮಾಡುತ್ತಾರೆ. ಯಾಕೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ರಸ್ತೆ ಬದಿಗೆ ಯಾವ ಗಿಡ? ನರ್ಸರಿಯವರು ಬೇಗ ಬೆಳೆಯುತ್ತದೆ ಎಂದು ಗುಲ್‌ಮೊಹರ್ ಹೇಳುತ್ತಾರೆ. (ಶಿವಮೊಗ್ಗ)

ಬೇಗ ಬೆಳೆಯುತ್ತದೆ, ಬೇಗ ಮುರಿಯುತ್ತದೆ. ಹೂ ನೋಡಬೇಕೆಂದರೆ ಪಾರ್ಕಿನ ಮಧ್ಯೆ ಒಂದು ನೆಡಿ. ರಸ್ತೆಗೆ ಹೊಂಗೆ, ಬೇವು, ಮಹಾಗನಿ. ನೇರಳೆಯೂ ಒಳ್ಳೆಯದೇ, ಹಣ್ಣಿನ ಕಲೆ ಕಾರಿಗೆ ಹತ್ತುತ್ತದೆ ಎಂದು ಆಮೇಲೆ ದೂರಬೇಡಿ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಕಾಲದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ಲಕ್ಷಗಟ್ಟಲೆ ಗಿಡ ನೆಡಿಸಿದರು. ಇವತ್ತು ಆ ನೆರಳಿನಲ್ಲೇ ನಾವು ಬೆಂಗಳೂರಿನ ಹವೆ ಹೊಗಳುತ್ತೇವೆ. ವಿದ್ಯುತ್ ತಂತಿ ಯಾವ ಬದಿಯಲ್ಲಿದೆ ನೋಡಿಕೊಂಡು ದೊಡ್ಡ ಮರ ಇನ್ನೊಂದು ಬದಿಗೆ ಹಾಕಿ. ಬುಡದ ಸುತ್ತ ಒಂದು ಮೀಟರ್ ಮಣ್ಣು ಬಿಡಿ. ಟೈಲ್ಸ್ ಹಾಕುವವನು ಕಾಂಡಕ್ಕೆ ತಾಗುವ ತನಕ ಸಿಮೆಂಟು ತುಂಬುತ್ತಾನೆ. ಆ ದಿನ ಮನೆಯವರೊಬ್ಬರು ನಿಂತು ನೋಡಿಕೊಳ್ಳಿ.

ನಮ್ಮ ಸಂಘ ತಳ್ಳುಗಾಡಿಯವರನ್ನು ಬಡಾವಣೆಗೆ ಬಿಡಬಾರದು ಎಂದು ತೀರ್ಮಾನಿಸಿದೆ. ನನಗೆ ಇಷ್ಟವಿಲ್ಲ. ವಾದಿಸುವುದು ಹೇಗೆ? (ಬೆಂಗಳೂರು)

ಮೊದಲನೆಯದು, ನಿಮ್ಮದು ಸಾರ್ವಜನಿಕ ರಸ್ತೆಯಾದರೆ ಸಂಘಕ್ಕೆ ಆ ಅಧಿಕಾರ ಇಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಪಟ್ಟಣ ವ್ಯಾಪಾರ ಸಮಿತಿ, ಅಂದರೆ ಟೌನ್ ವೆಂಡಿಂಗ್ ಕಮಿಟಿ ಇದೆ. ಅದರಲ್ಲಿ ಶೇ. 40ಕ್ಕೆ ಕಡಿಮೆ ಇಲ್ಲದಂತೆ ವ್ಯಾಪಾರಿಗಳೇ ಇರಬೇಕು. ನಿವಾಸಿ ಸಂಘಗಳಿಗೂ ಜಾಗ ಇದೆ. ತಕರಾರಿದ್ದರೆ ಅಲ್ಲಿ ಹೇಳಲಿ.

ಎರಡನೆಯದನ್ನು ಮೀಟಿಂಗಿನಲ್ಲಿ ಜೋರಾಗಿ ಹೇಳಿ. ಸೊಪ್ಪಿನ ಗಾಡಿ ಬಂದಾಗ ನಾಲ್ಕು ಮನೆಯವರು ಗೇಟಿಗೆ ಬರುತ್ತಾರೆ. ಒಬ್ಬರ ಮಗಳಿಗೆ ಸೀಟು ಸಿಕ್ಕಿದ್ದು, ಇನ್ನೊಬ್ಬರು ಎರಡು ದಿನದಿಂದ ಬಾಗಿಲು ತೆಗೆಯದೇ ಇದ್ದದ್ದು ಗೊತ್ತಾಗುವುದು ಆಗಲೇ. ಗಾಡಿ ಓಡಿಸಿ ಆ್ಯಪ್‌ನಲ್ಲಿ ದಂಟು ತರಿಸಿದರೆ, ಅದನ್ನು ತರುವ ಬೈಕು ಎಷ್ಟು ಜೋರಾಗಿ ಬರುತ್ತದೆ ಎಂದು ನೋಡಿದ್ದೀರಲ್ವಾ? ಗಾಡಿಗಳಿಗೆ ಮೂಲೆಯಲ್ಲಿ ನೆರಳಿರುವ, ನಲ್ಲಿ ಇರುವ, ಫುಟ್‌ಪಾತ್‌ಗೆ ಅಡ್ಡವಾಗದ ಜಾಗ ತೋರಿಸಿ. ಸಿಪ್ಪೆ ಹಾಕಲು ಒಂದು ಡ್ರಮ್ಮು ಇಡಿ. ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ.

ಬ್ರೋಷರಿನಲ್ಲಿ ಪಾರ್ಕು ಎಂದು ತೋರಿಸಿದ ಜಾಗದಲ್ಲಿ ಡೆವಲಪರ್ ಆಫೀಸು ಕಟ್ಟುತ್ತಿದ್ದಾರೆ. (ಊರು ಬರೆದಿಲ್ಲ)

ಬ್ರೋಷರು ಎತ್ತಿಡಿ, ಅನುಮೋದಿತ ನಕ್ಷೆ ನೋಡಿ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ಅಡಿ ನೋಂದಣಿಯಾದ ಬಡಾವಣೆಯಾದರೆ ಕರ್ನಾಟಕ ರೇರಾ ಜಾಲತಾಣದಲ್ಲಿ ಸಿಗುತ್ತದೆ. ಆ ಕಾಯ್ದೆಯ 14ನೇ ಕಲಮಿನ ಪ್ರಕಾರ ಮಂಜೂರಾದ ವಿನ್ಯಾಸವನ್ನೋ ಸಾಮಾನ್ಯ ಜಾಗವನ್ನೋ ಬದಲಿಸಬೇಕಾದರೆ ಸೈಟು ಕೊಂಡವರಲ್ಲಿ ಕನಿಷ್ಠ ಮೂರನೇ ಎರಡು ಭಾಗದವರ ಲಿಖಿತ ಒಪ್ಪಿಗೆ ಬೇಕು. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಾಮಗಾರಿಯ ದೋಷ ಕಂಡರೆ ಡೆವಲಪರೇ ಸರಿಪಡಿಸಬೇಕೆಂದೂ ಅಲ್ಲೇ ಇದೆ. ಪಾರ್ಕು, ರಸ್ತೆಗಳನ್ನು ಯೋಜನಾ ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟ ಪತ್ರ, ಅಂದರೆ ರಿಲಿಂಕ್ವಿಶ್‌ಮೆಂಟ್ ಡೀಡ್, ನೋಂದಣಿ ಆಗಿದೆಯಾ ಕೇಳಿ. ಆಗಿದ್ದರೆ ಆ ಜಾಗ ಡೆವಲಪರದ್ದೇ ಅಲ್ಲ.

ಧೈರ್ಯಕ್ಕೆ ಒಂದು ಹಳೇ ಮೊಕದ್ದಮೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು. ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು ನಿವಾಸಿಗಳ ಪರ ನಿಂತಿತು. ಗೋಡೆ ಏಳುವ ಮುಂಚೆ ದೂರು ಕೊಡಿ. ಮೊದಲ ಕೆಲಸ, ಇವತ್ತೇ ತಾರೀಖು ಸಮೇತ ಫೋಟೋ ತೆಗೆದಿಡಿ.

ಮರ ಬೆಳೆದು ಬೀದಿದೀಪ ಎಲೆಯೊಳಗೆ ಸೇರಿಕೊಂಡಿದೆ. ಮರ ತೆಗೆಸಬೇಕು ಎನ್ನುತ್ತಿದ್ದಾರೆ. (ಹುಬ್ಬಳ್ಳಿ)

ದೀಪ ಇಳಿಸಿ. ಕೊಂಬೆಗಳ ಕೆಳಗೆ, ಹದಿನಾಲ್ಕು ಅಡಿ ಎತ್ತರದಲ್ಲಿ ಅದೇ ಕಂಬಕ್ಕೆ ಇನ್ನೊಂದು ತೋಳು ಹಾಕಿ ಫುಟ್‌ಪಾತ್ ಕಡೆಗೆ ತಿರುಗಿಸಿದರೆ ಸಾಕು. ಮರ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕು. ದೀಪ ಇಳಿಸಲು ಒಂದು ಅರ್ಜಿ ಮತ್ತು ಏಣಿ ಸಾಕು.