ಕಲ್ಲಿನ ಹಿಟ್ಟೂ ಕಿಡ್ನಿಯೂ

ಡೊಂಬಿವಲಿಯ ಓದುಗರೊಬ್ಬರ ಪತ್ರ: ‘ಇಳಕಲ್ಲಿನಿಂದ ಬಂದ ನನ್ನ ತಮ್ಮ 14 ವರ್ಷದಿಂದ ಕಿಚನ್ ಓಟಾಕ್ಕೆ, ಅಂದರೆ ಅಡುಗೆಕಟ್ಟೆಗೆ, ಗ್ರಾನೈಟ್ ಕೊಯ್ದು ಕೂರಿಸುತ್ತಾನೆ. ನೀರು ಹಾಕಿ ಕೊಯ್ಯಲು ಗುತ್ತಿಗೆದಾರ ಬಿಡುವುದಿಲ್ಲ. ಕೆಮ್ಮು ಬಿಟ್ಟಿಲ್ಲ, ಈಗ ರಕ್ತದಲ್ಲಿ ಕ್ರಿಯಾಟಿನೀನ್ (ಕಿಡ್ನಿ ಸೋತರೆ ಏರುವ ಅಂಶ) 1.9. ಸಿಲಿಕಾನ್ ಧೂಳಿನಿಂದ ಅಂತಾರೆ. ಜಕಣಾಚಾರಿಯ ಕಾಲದಿಂದ ಕಲ್ಲು ಕೆತ್ತಿದವರು ನಾವು. ಧೂಳಿಗೂ ಕಿಡ್ನಿಗೂ ಏನು ಸಂಬಂಧ?’

ಉತ್ತರ: ಮೊದಲು ಹೆಸರು ಸರಿಮಾಡಿಕೊಳ್ಳಿ. ಸಿಲಿಕಾನ್ ಮೊಬೈಲಿನ ಚಿಪ್ಪಿನದು. ಸಿಲಿಕೋನ್ ಸಿಂಕಿನ ಅಂಚಿಗೆ ಹಚ್ಚುವ ಅಂಟು. ನಿಮ್ಮ ತಮ್ಮನ ಎದೆಗಿಳಿದದ್ದು ಸಿಲಿಕಾ, ಬೆಣಚುಕಲ್ಲಿನ ಹುಡಿ.

ಪಾಪ, ಜಕಣಾಚಾರಿಯನ್ನು ಯಾಕೆ ಎಳೆದುತಂದಿರಿ? ಬೇಲೂರು, ಹಳೇಬೀಡಿನದು ಬಳಪದ ಕಲ್ಲು. ಮೆದು, ಬೆಣಚು ಕಡಿಮೆ. ಗ್ರಾನೈಟಿನಲ್ಲಿ ಸಿಲಿಕಾ ನೂರಕ್ಕೆ 30ರ ಆಸುಪಾಸು, ಈಗ ಎಲ್ಲರೂ ಕೇಳುವ ಕೃತಕ ಕ್ವಾರ್ಟ್ಜ್ ಹಲಗೆಯಲ್ಲಿ 90ರ ಮೇಲೂ ಇರುತ್ತದೆ. ಉಳಿಯೇಟಿಗೆ ಹೆಚ್ಚಾಗಿ ಸಿಡಿಯುವುದು ಚಕ್ಕೆ. ನಿಮಿಷಕ್ಕೆ 10,000 ಸುತ್ತಿಗೂ ಮೇಲೆ ತಿರುಗುವ 4 ಇಂಚಿನ ಡೈಮಂಡ್ ಬ್ಲೇಡು ಎಬ್ಬಿಸುವುದು ಹಿಟ್ಟು. ಅದರಲ್ಲಿ 4-5 ಮೈಕ್ರಾನಿಗಿಂತ (ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಸಣ್ಣದು ನೇರ ಶ್ವಾಸಕೋಶದ ತುದಿಗೆ. ಅಲ್ಲಿನ ಕಾವಲು ಜೀವಕೋಶ ಅದನ್ನು ನುಂಗಿ, ಅರಗಿಸಲಾರದೆ ಸಾಯುತ್ತದೆ; ಹೊರಬಿದ್ದ ಹರಳನ್ನು ಇನ್ನೊಂದು ನುಂಗುತ್ತದೆ. ಗಾಯ ಕಲೆಯಾಗಿ ಗಂಟು ಕಟ್ಟುತ್ತದೆ, ಅದೇ ಸಿಲಿಕೋಸಿಸ್; ಕಾವಲು ಕೆಟ್ಟಲ್ಲಿ ಕ್ಷಯ ಸಲೀಸಾಗಿ ಹೊಗುತ್ತದೆ.

ಈ ಕೆಣಕಾಟದಲ್ಲಿ ಮೈಯ ರಕ್ಷಣಾಪಡೆ ತನ್ನದೇ ಸಣ್ಣ ರಕ್ತನಾಳಗಳ ಮೇಲೆ ತಿರುಗಿಬೀಳುವುದುಂಟು. ಆಗ ಕಿಡ್ನಿಯ ಜರಡಿ ಹಾಳಾಗಿ ಮೂತ್ರದಲ್ಲಿ ಪ್ರೋಟೀನು, ರಕ್ತಕಣ. ಎಕ್ಸ್‌ರೇಯಲ್ಲಿ ಸಿಲಿಕೋಸಿಸ್ ಕಾಣದವರಲ್ಲೂ ಹೀಗಾಗಬಹುದು. ಬಿಪಿ, ಸಕ್ಕರೆಯೂ ಕಾರಣವಿರಬಹುದು. ನೋಡಲಿ, ಬೇಡ ಅನ್ನುವುದಿಲ್ಲ.

ಧೂಳು ಅಡಗಿಸಲು ನೀರು ಹಾಕಿದರೆ ಕೆಳಗಿನ ಫ್ಲ್ಯಾಟಿಗೆ ಸೋರುತ್ತದೆ, ಶಾಕ್ ಹೊಡೆಯುತ್ತದೆ ಎನ್ನುವ ಗುತ್ತಿಗೆದಾರನ ಮಾತು ಸುಳ್ಳಲ್ಲ. ಹಾಗಾದರೆ ಅಳತೆ ಕೊಟ್ಟು ಅಂಗಡಿಯ ನೀರಿನ ಮಷಿನ್ನಿನಲ್ಲೇ ಕೊಯ್ಸಿ ತರಲಿ. ಸಿಂಕಿನ ತೂತಿಗೆ ಸ್ಥಳದಲ್ಲೇ ಕೊಯ್ಯಬೇಕೇ? ನೀರಿನ ನಳಿಕೆಯಿರುವ ಕಟರ್ ಬೇಕು, ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನು ಕಡಿಯುವ ಸ್ವಿಚ್ಚು) ಬೇಕು. ಬ್ಲೇಡು ಕಲ್ಲಿಗೆ ತಾಗುವ ಜಾಗಕ್ಕೇ ನೀರು ಬೀಳುತ್ತಿರಬೇಕು. ಮೊದಲೇ ಒಂದು ಮಗ್ ಸುರಿದು ಕೊಯ್ದರೆ ಒದ್ದೆಯಾದದ್ದು ಮೇಲ್ಮೈ ಅಷ್ಟೇ, ಒಳಗಿನ ಕಲ್ಲು ಒಣಹಿಟ್ಟಾಗಿಯೇ ಏಳುತ್ತದೆ. ರಾಡಿಯನ್ನು ಹಸಿಯಿರುವಾಗಲೇ ಬಳಿದು ಚೀಲಕ್ಕೆ ತುಂಬಬೇಕು. ಒಣಗಲು ಬಿಟ್ಟರೆ ಮಾರನೆಯ ದಿನ ಪೊರಕೆ ಹಿಡಿದವಳ ಎದೆಗೆ ಅದೇ ಹಿಟ್ಟು. ಮೂಗಿಗೆ ಕಟ್ಟುವ ಕರವಸ್ತ್ರ ಮನಸ್ಸಿನ ಸಮಾಧಾನಕ್ಕೆ. ಎನ್95 ಕೂಡ ಗಡ್ಡದ ಮೇಲೆ ಬಿಗಿಯಾಗಿ ಕೂರುವುದಿಲ್ಲ.

ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು 1934ರಲ್ಲಿ, ನಮ್ಮದೇ ಕೋಲಾರದ ಚಿನ್ನದ ಗಣಿಯಿಂದ. 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಅದು ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆ. ಆಸ್ಟ್ರೇಲಿಯಾ ಕೃತಕ ಕಲ್ಲನ್ನೇ 2024ರ ಜುಲೈ 1ರಿಂದ ನಿಷೇಧಿಸಿತು. ಮುಂಬಯಿಯ ಏಳನೆಯ ಮಹಡಿಯ ಲಾಬಿ ಮಾತ್ರ ಕಾರ್ಖಾನೆಯಲ್ಲವಲ್ಲ! ಇಳಕಲ್ಲಿನ ಹುಡುಗನ ಕೆಮ್ಮು ಅಲ್ಲಿಂದ ಯಾವ ದಫ್ತರಿಗೆ ಹತ್ತಬೇಕು? ಬೀಡಿ ಸೇದುತ್ತೀಯಾ ಎಂದು ಡಾಕ್ಟರರೆಲ್ಲ ಕೇಳುತ್ತಾರೆ. ಏನು ಕೊಯ್ಯುತ್ತೀಯಾ ಎಂದು ಕೇಳುವವರು ಕಡಿಮೆ.

ಆದ್ದರಿಂದ ಅವರು ಕೇಳುವವರೆಗೆ ಕಾಯಬೇಡಿ. ಎದೆಯ ಎಕ್ಸ್‌ರೇ, ಉಸಿರಿನ ಪರೀಕ್ಷೆ, ಕಫ ಬಂದರೆ ಕ್ಷಯದ ಪರೀಕ್ಷೆ, ಮೂತ್ರದ ಪ್ರೋಟೀನು ಮತ್ತು ರಕ್ತಕಣ ಮಾಡಿಸಿ, ಕಿಡ್ನಿ ತಜ್ಞರ ಬಳಿಗೆ ಕರೆದೊಯ್ಯಿರಿ. ಕೇಸ್ ಪೇಪರಿನ ಮೇಲ್ಭಾಗದಲ್ಲಿ ನೀವೇ ಬರೆಸಿ: ‘ಗ್ರಾನೈಟ್ ಕಟಿಂಗ್, 14 ವರ್ಷ, ನೀರಿಲ್ಲದೆ.’