‘ಸಂಪೂರ್ಣ ವಿಶ್ವಾಸವಿದೆ’ ಎಂದು ಯಾರು ಬರೆಯಬೇಕು?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಪ್ರಕಟಣೆಗೆ ಅವರ ಒಪ್ಪಿಗೆಯಿದೆ.)

ಆಕೆ ವೃತ್ತಿಪರ ಸೈಕ್ಲಿಂಗ್ ತಂಡವೊಂದರ ಮಾಧ್ಯಮ ಅಧಿಕಾರಿ. ರಾತ್ರಿ ನಿದ್ದೆಯಿಲ್ಲ, ಫೋನ್ ಸದ್ದಾದರೆ ಎದೆ ಹೊಡೆದುಕೊಳ್ಳುತ್ತದೆ ಎಂದು ನನ್ನ ಬಳಿ ಆಪ್ತಸಮಾಲೋಚನೆಗೆ ಬಂದರು. ತಂಡದ ಮುಖ್ಯ ಸವಾರನ ಜೈವಿಕ ಪಾಸ್‌ಪೋರ್ಟ್‌ನಲ್ಲಿ (ಉದ್ದೀಪನ ಮದ್ದಿನ ಸುಳಿವಿಗಾಗಿ ಇಡುವ ರಕ್ತಪರೀಕ್ಷೆಗಳ ದಾಖಲೆ) ಏರುಪೇರು ಕಂಡಿದೆ ಎಂಬ ಸುದ್ದಿ ಹೊರಬಿದ್ದಿತ್ತು. ‘ಆರೋಪ ಸುಳ್ಳು, ಅವನ ಮೇಲೆ ನಮಗೆ ವಿಶ್ವಾಸವಿದೆ ಅಂತ ಹಾಕಿ, ಸಂಜೆಯೊಳಗೆ ಹೋಗಲಿ’ ಎಂದಿದ್ದರು ಮ್ಯಾನೇಜರ್.

ಕರಡು ಫೋನಿನಲ್ಲೇ ಇತ್ತು, ತೋರಿಸಿದರು. ‘ವಿಶ್ವಾಸ’ದ ಹಿಂದೆ ‘ಸಂಪೂರ್ಣ’ ಸೇರಿಸಿ, ಅಳಿಸಿ, ಮತ್ತೆ ಸೇರಿಸಿದ್ದರು.

‘ಆ ಸವಾರನನ್ನು ನೀವು ಕೇಳಿದ್ದೀರಾ?’

‘ಇಲ್ಲ. ಕೇಳಿದರೆ ಅನುಮಾನಪಟ್ಟ ಹಾಗಾಗುತ್ತೆ.’

ಗಂಟು ಇಲ್ಲೇ ಇತ್ತು. ಗೊತ್ತಿಲ್ಲದ್ದಕ್ಕೆ ಜಾಮೀನು ನಿಲ್ಲಬೇಕಾಗಿ ಬಂದವರಿಗೆ ನಿದ್ದೆ ಬಾರದಿರುವುದನ್ನು ಕಾಯಿಲೆ ಎನ್ನಲು ನನಗೆ ಮನಸ್ಸಾಗಲಿಲ್ಲ. ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ಅದರ ಪಾಲು ಅಷ್ಟೇ.

ಸವಾರ ತಪ್ಪು ಮಾಡಿದನೇ ಎಂಬುದು ನನ್ನ ಕೆಲಸವಲ್ಲ, ಅವರದ್ದೂ ಅಲ್ಲ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2008ರಲ್ಲಿ ತಂದ ಈ ಪಾಸ್‌ಪೋರ್ಟ್ ಮದ್ದನ್ನೇ ಹುಡುಕುವುದಿಲ್ಲ. ಹಿಮೋಗ್ಲೋಬಿನ್, ಹೊಸ ಕೆಂಪು ರಕ್ತಕಣಗಳ ಪ್ರಮಾಣ ಕಾಲಕ್ರಮದಲ್ಲಿ ಹೇಗೆ ಬದಲಾಗಿದೆ ಎಂದು ನೋಡುತ್ತದೆ. ಎತ್ತರದ ಪ್ರದೇಶದ ತರಬೇತಿ, ಕಾಯಿಲೆ, ದೇಹದಲ್ಲಿ ನೀರು ಕಡಿಮೆಯಾಗುವುದು, ಎಲ್ಲವೂ ಅಂಕಿಗಳನ್ನು ಅಲುಗಿಸಬಲ್ಲವು. ತಜ್ಞರು ಹೆಸರಿಲ್ಲದ ದಾಖಲೆ ನೋಡಿ ಅಭಿಪ್ರಾಯ ಕೊಡುತ್ತಾರೆ. ಹಾಗಾಗಿ ಈ ಹಂತದಲ್ಲಿ ‘ಕಳ್ಳ’ ಎನ್ನುವುದು ಎಷ್ಟು ಆತುರವೋ ‘ಸುಳ್ಳು’ ಎನ್ನುವುದೂ ಅಷ್ಟೇ ಆತುರ. ಇದನ್ನು ಮಾತಾಡಿಕೊಂಡ ಮೇಲೆ ಆಕೆ ಮೊದಲ ಸಲ ಕುರ್ಚಿಗೆ ಬೆನ್ನು ಕೊಟ್ಟು ಕುಳಿತರು.

ಆದರೂ ಭಯವಿತ್ತು. ‘ಎಮ್ಮಾ ಓ’ರೈಲಿಗೆ ಏನಾಯಿತು ನೋಡಿ’ ಎಂದರು. ಅಮೆರಿಕದ ಸೈಕ್ಲಿಂಗ್ ತಾರೆ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ತಂಡದಲ್ಲಿ ಮಸಾಜ್ ಮಾಡುತ್ತಿದ್ದ ಆಕೆ, 1999ರ ಟೂರ್ ಡಿ ಫ್ರಾನ್ಸ್‌ನಲ್ಲಿ ಆತನ ಮದ್ದು ಪರೀಕ್ಷೆಯ ಫಲಿತಾಂಶ ಮುಚ್ಚಲು ಹಿಂದಿನ ದಿನಾಂಕದ ಔಷಧಿ ಚೀಟಿ ಸೃಷ್ಟಿಯಾದದ್ದನ್ನು ಹೇಳಿ ಮೊಕದ್ದಮೆ, ಅವಮಾನ ಎರಡನ್ನೂ ಉಂಡವರು. ಆರ್ಮ್‌ಸ್ಟ್ರಾಂಗ್‌ನ ಏಳು ಟೂರ್ ಪ್ರಶಸ್ತಿಗಳು ಹೋದದ್ದು 2012ರಲ್ಲಿ. ‘ಆಕೆ ಕಂಡದ್ದನ್ನು ಹೇಳಿದರು. ನೀವು ಏನನ್ನೂ ಕಂಡಿಲ್ಲ. ಕಂಡವರ ಹಾಗೆ ಬರೆಯಿರಿ ಎನ್ನುತ್ತಿದ್ದಾರೆ, ಅಷ್ಟೇ’ ಎಂದೆ. ತಂಡದ ಬೆಂಬಲ ಎಷ್ಟು ದಿನದ್ದು ಎಂಬುದಕ್ಕೂ ಉದಾಹರಣೆಯಿದೆ: 2007ರಲ್ಲಿ ಡೆನ್ಮಾರ್ಕ್‌ನ ಸವಾರ ಮೈಕೆಲ್ ರಾಸ್ಮುಸೆನ್ ಮುನ್ನಡೆಯಲ್ಲಿರುವವರು ತೊಡುವ ಹಳದಿ ಜೆರ್ಸಿಯಲ್ಲಿದ್ದಾಗಲೇ, ಮದ್ದು ಪರೀಕ್ಷೆಗಾಗಿ ತಿಳಿಸಬೇಕಾದ, ತಾನು ಎಲ್ಲಿದ್ದೆನೆಂಬುದರ ಬಗ್ಗೆ ತಪ್ಪು ಮಾಹಿತಿ ಕೊಟ್ಟರೆಂದು ತಂಡವೇ ಅವರನ್ನು ಟೂರ್‌ನಿಂದ ಹೊರಗೆ ಕಳಿಸಿತು.

ಕೊನೆಗೆ ಇಬ್ಬರೂ ಕೂತು ಒರೆಸಿ ತಿದ್ದಿದ ಹೇಳಿಕೆ ಇಷ್ಟು: ‘ಪರಿಶೀಲನೆ ನಡೆಯುತ್ತಿದೆ. ಸವಾರ ತಮ್ಮ ವಿವರಣೆ ಸಲ್ಲಿಸುತ್ತಾರೆ. ತೀರ್ಮಾನ ಬರುವವರೆಗೆ ತಂಡ ಪ್ರತಿಕ್ರಿಯಿಸುವುದಿಲ್ಲ.’ ಇದಕ್ಕಿಂತ ಹೆಚ್ಚು ಬೇಕೆಂದರೆ ಮ್ಯಾನೇಜರ್ ತಮ್ಮ ಹೆಸರಿನಲ್ಲಿ ಹೇಳಲಿ, ಆ ಸೂಚನೆಯನ್ನು ಇಮೇಲ್‌ನಲ್ಲಿ ಕೇಳಿ ಎಂದೆ. ಯಾವ ಸಂದೇಶವನ್ನೂ ಅಳಿಸಬೇಡಿ. ಪ್ರಶ್ನೆ ಕೇಳಿದ ಪತ್ರಕರ್ತನ ಮೇಲೆ ಹರಿಹಾಯಬೇಡಿ. ಮುಂದೆಂದಾದರೂ ಕಣ್ಣಾರೆ ಏನಾದರೂ ಕಂಡರೆ, ತಂಡದ ವಕೀಲರಲ್ಲ, ನಿಮ್ಮ ಸ್ವಂತ ವಕೀಲರನ್ನು ಮೊದಲು ಕಾಣಿ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ‘ಸ್ಪೀಕ್ ಅಪ್’ ವ್ಯವಸ್ಥೆಯಲ್ಲಿ ಗುಟ್ಟಾಗಿ ತಿಳಿಸಬಹುದು.

ಅಂದೇ ರಾಜೀನಾಮೆ ಕೊಡುವ ಮನಸ್ಸಿತ್ತು ಅವರಿಗೆ. ನಿದ್ದೆಗೆಟ್ಟವರು ಇಂಥದ್ದನ್ನು ತೀರ್ಮಾನಿಸಬಾರದು ಎಂದು ತಡೆದೆ.

ಮ್ಯಾನೇಜರ್ ಗೊಣಗಿದರು. ವಿಶ್ವಾಸದ ಸಾಲನ್ನು ತಮ್ಮ ಹೆಸರಿನಲ್ಲಿ ಹಾಕಿಸಿಕೊಳ್ಳಿ ಎಂದಾಗ ಅದನ್ನು ಕೈಬಿಟ್ಟರು. ಪ್ರಕರಣ ಇನ್ನೂ ಇತ್ಯರ್ಥವಾಗಿಲ್ಲ. ಕೆಲಸದಲ್ಲಿ ಉಳಿಯಬೇಕೇ ಎಂಬುದನ್ನು ಮುಂದಿನ ಭೇಟಿಯಲ್ಲಿ ಮಾತಾಡುತ್ತೇವೆ.